‘ಬರೀ ವಾರ್ನಿಂಗ್’ ಅನ್ನೋರ ವಿರುದ್ಧ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಕನ್ನಡ ಸತ್ತೇ ಹೋಯ್ತು ಅಂತ ಗೋಳಾಡುವವರಿಗೆ ನಾನೊಂದು ಸಮಾಧಾನ ಹೇಳಬಲ್ಲೆ. ಒಂದು ಕನ್ನಡ ವಾಕ್ಯ ಎಲ್ಲಾ ಫ್ಲೋರುಗಳಲ್ಲೂ, ಕನ್ನಡ ಬಾರದವರ ಬಾಯಲ್ಲೂ ಗಟ್ಟಿಮುಟ್ಟಾಗಿ ಬದುಕಿದೆ. "ಬಿಡೋ ಮಗಾ, ಬರೀ ವಾರ್ನಿಂಗ್ ಅದು." ಹಳದಿ ಅಕ್ಷರ ಕಂಡ ಕೂಡಲೇ ಈ ಮಂತ್ರ ಹೊರಡುತ್ತದೆ. ಕೆಂಪು ಬಂದರೆ ಮಾತ್ರ ಕುರ್ಚಿ ಮುಂದಕ್ಕೆ ಎಳ್ಕೋತಾರೆ. ಈ ಮಂತ್ರದ ಮೇಲೆ ನನಗೆ ಹಲವು ವರ್ಷಗಳ ಸಿಟ್ಟಿದೆ. ಇವತ್ತು ತೀರಿಸ್ಕೋತೀನಿ.

ಎಲ್ಲಾ ವಾರ್ನಿಂಗುಗಳ ಬಗ್ಗೆ ಹೇಳೋಕೆ ಹೋದರೆ ಮುಗಿಯೋದಿಲ್ಲ. ಒಂದನ್ನ ಹಿಡ್ಕೊಳ್ಳೋಣ. ಡೆಬಿಯನ್, ಉಬುಂಟು ಅಥವಾ ಅವುಗಳ ಸಂತತಿಯ ಯಾವುದೇ ಲಿನಕ್ಸ್ ಇಟ್ಟುಕೊಂಡವರು ಅಪ್‌ಡೇಟ್ ಮಾಡುವಾಗ ಎಂದಾದರೂ ಇದನ್ನ ನೋಡಿರ್ತೀರಿ. ಡಿಪಿಕೆಜಿ ಅನ್ನುವ ಪ್ರೋಗ್ರಾಮು ಹೇಳುವುದು ಇಷ್ಟು: ಇಂಥ ಪ್ಯಾಕೇಜಿನ ಫೈಲುಗಳ ಪಟ್ಟಿ ಕಾಣೆಯಾಗಿದೆ, ಸದ್ಯಕ್ಕೆ ಈ ಪ್ಯಾಕೇಜಿನ ಯಾವ ಫೈಲೂ ಇನ್‌ಸ್ಟಾಲ್ ಆಗಿಲ್ಲ ಎಂದು ಭಾವಿಸಲಾಗಿದೆ. ಒಂದೇ ಸಾಲು ಬಂದರೆ ನಿಮ್ಮ ಅದೃಷ್ಟ. ಕೆಲವು ಮಷೀನುಗಳಲ್ಲಿ ಪ್ಯಾಕೇಜಿಗೊಂದರಂತೆ ನೂರಾರು ಸಾಲುಗಳು ಸ್ಕ್ರೀನ್ ತುಂಬಾ ಉರುಳುತ್ತವೆ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಅಪ್‌ಡೇಟ್ ಮುಗಿದುಹೋಗುತ್ತದೆ. ಮಂತ್ರ ಹೇಳುವವರಿಗೆ ಇದೇ ಸಾಕ್ಷಿ. "ನೋಡು, ಆಯ್ತಲ್ಲ?"

ಆ ವಾಕ್ಯವನ್ನ ಇನ್ನೊಂದು ಸಲ ಓದಿ. ಎಲ್ಲರೂ ಮೊದಲರ್ಧ ಓದಿ ನಿಲ್ಲಿಸ್ತಾರೆ. ಯಾವುದೋ ಫೈಲು ಕಾಣೆ, ಹೋದರೆ ಹೋಗಲಿ. ವಿಷ ಇರೋದು ಸೆಮಿಕೋಲನ್ನಿನ ಆಚೆಗೆ. ಮಷೀನು ಒಂದು ಊಹೆ ಮಾಡಿಕೊಂಡಿದೆ. ಆ ಊಹೆ ತಪ್ಪು ಅಂತ ನಿಮಗೆ ಗೊತ್ತು, ಯಾಕಂದರೆ ಆ ಪ್ಯಾಕೇಜಿನ ಪ್ರೋಗ್ರಾಮು ನಿಮ್ಮ ಕಣ್ಣ ಮುಂದೆಯೇ ಓಡ್ತಿದೆ. ಆದರೂ ಮುಂದಿನ ಕೆಲಸವನ್ನೆಲ್ಲ ಈ ತಪ್ಪು ಊಹೆಯ ಮೇಲೇ ಮಾಡ್ತೀನಿ ಅಂತ ಅದು ಪ್ರಾಮಾಣಿಕವಾಗಿ ನಿಮ್ಮ ಮುಖಕ್ಕೆ ಹೇಳ್ತಿದೆ. ಇಷ್ಟು ಮರ್ಯಾದೆಯಿಂದ ಹೇಳುವ ಸಾಫ್ಟ್‌ವೇರ್ ಅಪರೂಪ. ನಾವು ಅದನ್ನ ಸ್ಕ್ರೋಲ್ ಮಾಡಿ ಮೇಲಕ್ಕೆ ಕಳಿಸ್ತೀವಿ.

ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಬಿಇ ಮೊದಲ ವರ್ಷದಲ್ಲಿ ಇಂಗ್ಲಿಷ್ ವಾಕ್ಯ ಅಂದರೆ ಪೂರ್ಣವಿರಾಮದ ತನಕ ಹೋಗಿ, ವಾಪಸ್ ಬಂದು, ಮತ್ತೆ ಹೋಗಬೇಕಿತ್ತು. ಸರಾಗ ಇಂಗ್ಲಿಷ್ ಇದ್ದ ಗೆಳೆಯರು ವಾಕ್ಯದ ಮೇಲೆ ಜಾರಿಕೊಂಡು ಹೋಗ್ತಿದ್ದರು. ನಮ್ಮಂಥವರು ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ನಡೆದ ಹಾಗೆ ಹೆಜ್ಜೆ ನೋಡ್ಕೊಂಡು ಹೋಗ್ತಿದ್ದೆವು. ಎರರ್ ಮೆಸೇಜ್ ಓದುವ ವಿಷಯಕ್ಕೆ ಬಂದರೆ ಈ ನಿಧಾನವೇ ಲಾಭ. ಇದನ್ನ ಇಂಟರ್‌ವ್ಯೂನಲ್ಲಿ ಯಾರೂ ಕೇಳೋದಿಲ್ಲ ಅನ್ನೋದು ಬೇರೆ ಮಾತು.

ಈ ಪಟ್ಟಿ ಏನು ಅಂತ ಸ್ವಲ್ಪ ನೋಡೋಣ. ಡೆಬಿಯನ್ ಶುರುವಾಗಿದ್ದು 1993ರಲ್ಲಿ. ಡಿಪಿಕೆಜಿ ಅದರ ಆರಂಭದ ದಿನಗಳಿಂದಲೂ ಜೊತೆಗಿರುವ ಶಾನುಭೋಗ. ವಾರ್ ಡೈರೆಕ್ಟರಿಯ ಒಳಗೆ ಲಿಬ್, ಅದರೊಳಗೆ ಡಿಪಿಕೆಜಿ ಅಂತ ಒಂದು ಜಾಗ ಇದೆ. ಅದೇ ಇವನ ಕಚೇರಿ. ಅಲ್ಲಿ ಸ್ಟೇಟಸ್ ಅನ್ನುವ ಒಂದು ದೊಡ್ಡ ಫೈಲಿದೆ: ಯಾವ ಪ್ಯಾಕೇಜು, ಯಾವ ಆವೃತ್ತಿ, ಸ್ಥಿತಿ ಏನು. ಪಕ್ಕದಲ್ಲೇ ಇನ್ಫೋ ಅನ್ನುವ ಡೈರೆಕ್ಟರಿ. ಅದರಲ್ಲಿ ಪ್ರತಿ ಪ್ಯಾಕೇಜಿಗೂ ಒಂದು ಲಿಸ್ಟ್ ಫೈಲು. ಈ ಪ್ಯಾಕೇಜು ಡಿಸ್ಕಿನ ಮೇಲೆ ಎಲ್ಲೆಲ್ಲಿ ಏನೇನು ಇಟ್ಟಿದೆ ಅನ್ನೋದು ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಜೊತೆಗೆ ಇನ್‌ಸ್ಟಾಲ್ ಆದಮೇಲೆ ಓಡಬೇಕಾದ ಸ್ಕ್ರಿಪ್ಟು, ತೆಗೆಯುವ ಮುಂಚೆ ಓಡಬೇಕಾದ ಸ್ಕ್ರಿಪ್ಟು, ಫೈಲುಗಳ ಚೆಕ್‌ಸಮ್ಮುಗಳು.

ಊರಿನವರಿಗೆ ಇದು ಹೇಳದೆಯೇ ಅರ್ಥವಾಗುತ್ತದೆ. ಜಮೀನು ಅಲ್ಲೇ ಇದೆ. ರಾಗಿ ಎದೆಯೆತ್ತರ ನಿಂತಿದೆ. ಪಹಣಿ ಮಾತ್ರ ಕಾಣ್ತಿಲ್ಲ. ಆಗ ಕಚೇರಿಯಲ್ಲಿ ಕೂತವನು "ಈತನ ಹೆಸರಲ್ಲಿ ಜಮೀನೇ ಇಲ್ಲ ಅಂತ ಭಾವಿಸಿಕೊಂಡು ಮುಂದುವರಿಯೋಣ" ಅಂದರೆ ನಿಮ್ಮಪ್ಪ ಸುಮ್ಮನೆ ಮನೆಗೆ ಬರ್ತಾರಾ? ಪಹಣಿಯಲ್ಲಿ ಅಜ್ಜನ ಹೆಸರಿನ ಒಂದು ಕಾಗುಣಿತ ತಪ್ಪಾದರೆ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯಬೇಕು ಅಂತ ಗೊತ್ತಿರುವ ಮಕ್ಕಳೇ, ಸರ್ವರಿನಲ್ಲಿ ಇಡೀ ದಾಖಲೆ ಹೋಗಿದ್ದರೂ "ಬಿಡೋ ಮಗಾ" ಅಂತಾರೆ. ಇದು ನನಗೆ ಅರ್ಥವಾಗದ ಸಂಗತಿ.

"ಏನಾಗುತ್ತೆ, ಹೇಳು ನೋಡೋಣ" ಅಂತ ಕೇಳ್ತಾರೆ. ಹೇಳ್ತೀನಿ.

ಒಂದು ಪ್ಯಾಕೇಜನ್ನ ಹೊಸ ಆವೃತ್ತಿಗೆ ಏರಿಸುವಾಗ ಡಿಪಿಕೆಜಿ ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಹೋಲಿಸುತ್ತದೆ. ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲದ ಫೈಲುಗಳನ್ನ ಅಳಿಸುತ್ತದೆ. ಹಳೆಯ ಪಟ್ಟಿಯೇ ಇಲ್ಲ ಅಂದರೆ ಅಳಿಸೋಕೆ ಏನೂ ಇಲ್ಲ. ಹಳೆಯ ಫೈಲು ಅಲ್ಲೇ ಉಳಿಯುತ್ತದೆ. ಅದು ಮ್ಯಾನುಯಲ್ ಪುಟವಾದರೆ ತೊಂದರೆ ಇಲ್ಲ. ಆದರೆ ಒಂದು ಡೈರೆಕ್ಟರಿಯಲ್ಲಿ ಇರುವುದನ್ನೆಲ್ಲ ಎತ್ತಿಕೊಂಡು ಲೋಡ್ ಮಾಡುವ ಪ್ರೋಗ್ರಾಮುಗಳು ಎಷ್ಟಿವೆ ಗೊತ್ತಲ್ಲ. ಪ್ಲಗಿನ್ನುಗಳು, ಕಾನ್ಫಿಗರೇಶನ್ ತುಣುಕುಗಳು, ಪೈಥಾನ್ ಮಾಡ್ಯೂಲುಗಳು. ಹೊಸ ಆವೃತ್ತಿ ಬೇಡವೆಂದು ಕೈಬಿಟ್ಟ ಪ್ಲಗಿನ್ ಹೊಸ ಪ್ರೋಗ್ರಾಮಿನ ಜೊತೆ ಲೋಡ್ ಆಗುತ್ತದೆ. ಆಮೇಲೆ ಮೂರು ದಿನ ಡೀಬಗ್ ಮಾಡಿ, ಕಾಫಿ ಕುಡಿದು, ಅಪ್‌ಸ್ಟ್ರೀಮ್‌ನವರಿಗೆ ಬೈತೀರಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಪ್‌ಡೇಟ್ ಆದ ಕೂಡಲೇ ಡಿಪಿಕೆಜಿ ಹೊಸ ಪಟ್ಟಿ ಬರೆಯುತ್ತದೆ. ಅಂದರೆ ಮುಂದಿನ ಸಲ ಆ ಪ್ಯಾಕೇಜಿನ ವಾರ್ನಿಂಗ್ ಬರೋದಿಲ್ಲ. "ತಾನಾಗೇ ಸರಿಹೋಯ್ತು" ಅಂತ ಖುಷಿಪಡ್ತಾರೆ. ಸರಿಹೋಗಿಲ್ಲ ಸ್ವಾಮಿ. ಹಳೆಯ ಫೈಲುಗಳಿಗೆ ಈಗ ಯಾವ ದಾಖಲೆಯಲ್ಲೂ ವಾರಸುದಾರರಿಲ್ಲ. ಇನ್ನು ಯಾವ ಅಪ್‌ಡೇಟೂ ಅವನ್ನ ಮುಟ್ಟೋದಿಲ್ಲ, ಯಾವ ವಾರ್ನಿಂಗೂ ಅವುಗಳ ಹೆಸರು ಹೇಳೋದಿಲ್ಲ. ನೀವು ನಿರ್ಲಕ್ಷ್ಯ ಮಾಡಿದ ಆ ಹಳದಿ ಸಾಲೇ ಕೊನೆಯ ಸುಳಿವಾಗಿತ್ತು.

ಫೈಲುಗಳ ಗಡಿ ಜಗಳವೂ ಇದೆ. ಎರಡು ಪ್ಯಾಕೇಜುಗಳು ಒಂದೇ ಜಾಗದಲ್ಲಿ ಫೈಲಿಡಲು ಬಂದರೆ ಡಿಪಿಕೆಜಿ ತಡೆಯುತ್ತದೆ, ಇದು ಆಗಲೇ ಇನ್ನೊಬ್ಬರದು ಅಂತ. ಪಟ್ಟಿ ಇಲ್ಲದಿದ್ದರೆ ಯಾರದೆಂದು ತಿಳಿಯುವ ದಾರಿಯಿಲ್ಲ. ಎರಡನೆಯವನು ಸದ್ದಿಲ್ಲದೆ ಮೊದಲನೆಯವನ ಮೇಲೆ ಬೇಲಿ ಹಾಕ್ತಾನೆ.

ತೆಗೆದುಹಾಕುವಾಗಿನ ಕಥೆಯನ್ನ ನಾನು ಕಣ್ಣಾರೆ ನೋಡಿದ್ದೀನಿ. ಹಿಂದೊಮ್ಮೆ ಕೆಲಸ ಮಾಡುತ್ತಿದ್ದ ಕಡೆ, ಗ್ರಾಹಕರೊಬ್ಬರ ಉಬುಂಟು ಸರ್ವರಿನಲ್ಲಿ ಯಾವ ಕಾಲದ್ದೋ ಎಫ್‌ಟಿಪಿ ಸರ್ವರ್ ಇತ್ತು. ಸೆಕ್ಯುರಿಟಿ ಪರಿಶೀಲನೆಯವರು ಇದನ್ನ ತೆಗೆಯಿರಿ ಅಂದರು. ನಮ್ಮ ತಂಡಕ್ಕೆ ಈ ಮಷೀನು ಬರುವ ಮುಂಚೆಯೇ ಯಾರೋ ಕಮ್ಯಾಂಡ್ ಓಡಿಸಿದ್ದರು, ಪ್ಯಾಕೇಜು ತೆಗೆದಾಯಿತು ಅಂತ ಲಾಗ್ ಬಂದಿತ್ತು, ಟಿಕೆಟ್ ಮುಚ್ಚಿತ್ತು. ವಲ್ನರಬಿಲಿಟಿ ಸ್ಕ್ಯಾನರೂ ಹಸಿರು ತೋರಿಸಿತ್ತು. ಕೆಲವು ತಿಂಗಳ ನಂತರ ಯಾರೋ ಹೊರಗಿನಿಂದ ಪೋರ್ಟ್ ಸ್ಕ್ಯಾನ್ ಮಾಡಿದಾಗ 21ನೇ ಪೋರ್ಟು ಬಾಗಿಲು ತೆರೆದು ಕೂತಿತ್ತು. ತಿಥಿ ಊಟ ಮುಗಿದು ತಿಂಗಳಾದ ಮೇಲೂ ಸತ್ತವನು ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕ್ತಿದ್ದ.

ಟಿಕೆಟ್ ನನ್ನ ಮೇಜಿಗೆ ಬಂತು. ನೋಡಿದರೆ ಇನ್ಫೋ ಡೈರೆಕ್ಟರಿ ಹೆಚ್ಚುಕಡಿಮೆ ಖಾಲಿ. ಪ್ಯಾಕೇಜನ್ನ ತೆಗೆಯುವ ಮುಂಚೆ ಸರ್ವೀಸ್ ನಿಲ್ಲಿಸಬೇಕಾದ ಸ್ಕ್ರಿಪ್ಟು ಅಲ್ಲೇ ಇರಬೇಕಿತ್ತು. ಇರಲಿಲ್ಲ, ಹಾಗಾಗಿ ಸರ್ವೀಸ್ ನಿಲ್ಲಲಿಲ್ಲ. ಅಳಿಸಬೇಕಾದ ಫೈಲುಗಳ ಪಟ್ಟಿ ಇರಲಿಲ್ಲ, ಹಾಗಾಗಿ ಒಂದು ಫೈಲೂ ಅಳಿಯಲಿಲ್ಲ. ಸಿಸ್ಟಮ್‌ಡಿಯ ಯೂನಿಟ್ ಫೈಲು ಅಲ್ಲೇ ಇತ್ತು, ಅದನ್ನ ಬೂಟ್ ಆಗುವಾಗ ಎಬ್ಬಿಸುವ ಸಿಮ್‌ಲಿಂಕೂ ಇತ್ತು. ನಡುವೆ ಎರಡು ಸಲ ರೀಬೂಟ್ ಆಗಿದ್ದರೂ ಎರಡು ಸಲವೂ ಎದ್ದು ಕೂತಿದೆ. ಸ್ಟೇಟಸ್ ಫೈಲಿನಲ್ಲಿ ಮಾತ್ರ ಅಚ್ಚುಕಟ್ಟಾಗಿ ಹೆಸರು ಹೊಡೆದು ಹಾಕಿತ್ತು. ಇಂಥ ಸ್ಕ್ಯಾನರುಗಳಲ್ಲಿ ಬಹಳಷ್ಟು ನೋಡುವುದು ಆ ಸ್ಟೇಟಸ್ ಫೈಲನ್ನೇ. ಕಚೇರಿಯ ಪುಸ್ತಕ ಓದಿ ವರದಿ ಬರೆಯುತ್ತವೆ, ಹೊಲಕ್ಕೆ ಇಳಿಯೋದಿಲ್ಲ. ಪ್ಯಾಕೇಜು ದಾಖಲೆಯಲ್ಲಿ ಇಲ್ಲವಾದ್ದರಿಂದ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟೂ ಬರುವಂತಿಲ್ಲ. ತೆಗೆಯದೇ ಬಿಟ್ಟಿದ್ದರೆ ಕನಿಷ್ಠ ತೇಪೆಯಾದರೂ ಬೀಳ್ತಿತ್ತು.

ತೆಗೆದ ದಿನದ ಔಟ್‌ಪುಟ್ಟನ್ನ ಯಾರೋ ಟಿಕೆಟ್ಟಿಗೆ ಅಂಟಿಸಿಟ್ಟಿದ್ದರು. ಅದರಲ್ಲಿ ನಮ್ಮ ಹಳದಿ ವಾಕ್ಯ ಇತ್ತು. ಯಾವ ಫೈಲೂ ಇಲ್ಲ ಎಂದು ಭಾವಿಸಲಾಗಿದೆ. ಕೆಳಗೆ ಇನ್ನೊಬ್ಬರ ಕಾಮೆಂಟ್: ವಾರ್ನಿಂಗ್ ಇಗ್ನೋರ್ ಮಾಡಬಹುದು, ಕ್ಲೋಸ್ ಮಾಡ್ತಿದ್ದೀನಿ.

ಇನ್ಫೋ ಡೈರೆಕ್ಟರಿ ಖಾಲಿಯಾಗೋದು ಹೇಗೆ? ಇಲಿ ತಿನ್ನೋದಿಲ್ಲ. ಒಂದೆರಡು ಲಿಸ್ಟ್ ಫೈಲುಗಳು ಮಾತ್ರ ಹೋಗಿದ್ದರೆ ಅನುಮಾನ ಡಿಸ್ಕಿನ ಮೇಲೆ, ಕರೆಂಟಿನ ಮೇಲೆ. ಅಪ್‌ಡೇಟ್ ನಡುವೆ ಕರೆಂಟು ಹೋಗಿರಬಹುದು, ಡಿಸ್ಕ್ ತುಂಬಿರಬಹುದು, ಫೈಲ್ ಸಿಸ್ಟಮ್ ಕೆಟ್ಟು ರಿಪೇರಿಯಾಗುವಾಗ ಫೈಲು ಕಳೆದುಹೋಗಿರಬಹುದು. 2009ರ ಸುಮಾರಿಗೆ ಈಎಕ್ಸ್‌ಟಿ4 ಹೊಸದಾಗಿ ಬಂದಾಗ, ಮಷೀನು ಹಠಾತ್ತನೆ ನಿಂತರೆ ಆಗಷ್ಟೇ ಬರೆದ ಫೈಲುಗಳು ಸೊನ್ನೆ ಬೈಟಿನವಾಗಿ ಉಳಿಯುತ್ತವೆ ಅಂತ ದೊಡ್ಡ ಗಲಾಟೆಯಾಗಿತ್ತು. ಆಮೇಲೆ ಡಿಪಿಕೆಜಿ ತಾನು ಬರೆದದ್ದು ಡಿಸ್ಕಿಗೆ ಇಳಿದಿದೆ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋಗುವಂತಾಯಿತು. ಅದರಿಂದ ನಿಧಾನವಾಯಿತು ಅಂತ ಆ ಖಾತ್ರಿಯನ್ನ ಆಫ್ ಮಾಡುವ ಆಯ್ಕೆಯನ್ನೂ ಜನ ಹುಡುಕಿಕೊಂಡರು. ಕಂಟೇನರ್ ಕಟ್ಟುವಾಗ ಆಫ್ ಮಾಡೋದು ಸರಿ, ಕೆಟ್ಟರೆ ಮತ್ತೆ ಕಟ್ಟಬಹುದು. ಅದನ್ನೇ ನಿಜವಾದ ಸರ್ವರಿಗೆ ಎತ್ತಿ ಹಾಕಿದವರನ್ನೂ ನೋಡಿದ್ದೀನಿ.

ನೂರಾರು ಪ್ಯಾಕೇಜುಗಳ ಪಟ್ಟಿ ಒಟ್ಟಿಗೇ ಹೋಗಿದ್ದರೆ ಅದು ಮನುಷ್ಯರ ಕೆಲಸ. ಹೆಚ್ಚಾಗಿ ನಡೆಯೋದು ಹೀಗೆ: ಯಾವುದೋ ಒಂದು ಪ್ಯಾಕೇಜಿನ ಇನ್‌ಸ್ಟಾಲ್ ನಂತರದ ಸ್ಕ್ರಿಪ್ಟು ಫೇಲ್ ಆಗುತ್ತದೆ. ಪ್ಯಾಕೇಜು ಅರ್ಧಂಬರ್ಧ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹುಡುಕಿದರೆ ಎಲ್ಲೆಲ್ಲೂ ಒಂದೇ ಮನೆಮದ್ದು: ಇಡೀ ಇನ್ಫೋ ಡೈರೆಕ್ಟರಿಯ ಹೆಸರು ಬದಲಿಸಿ, ಖಾಲಿ ಡೈರೆಕ್ಟರಿ ಮಾಡಿ, ಮತ್ತೆ ಅಪ್‌ಡೇಟ್ ಓಡಿಸಿ. ಓಡಿಸಿದರೆ ಎರರ್ ಮಾಯ! ಮಾಯವಾಗದೆ ಏನು ಮಾಡುತ್ತದೆ? ಫೇಲ್ ಆಗುತ್ತಿದ್ದ ಸ್ಕ್ರಿಪ್ಟೇ ಅಲ್ಲಿ ಇಲ್ಲ. ಪರೀಕ್ಷೆ ಬರೆಯುವವನನ್ನೇ ಹಾಲಿನಿಂದ ಓಡಿಸಿದರೆ ಫೇಲಾಗೋದು ಯಾರು? ಹಳೆಯ ಡೈರೆಕ್ಟರಿಯನ್ನ ವಾಪಸ್ ತಂದು ಸೇರಿಸಬೇಕು ಅನ್ನೋ ಕೊನೆಯ ಹಂತವನ್ನ ಅರ್ಧ ಜನ ಬಿಟ್ಟುಬಿಡ್ತಾರೆ, ಅಷ್ಟು ಹೊತ್ತಿಗೆ ಎರರ್ ಹೋಗಿರುತ್ತಲ್ಲ. ಮುಂದೊಂದು ದಿನ ಡಿಸ್ಕ್ ತುಂಬಿದಾಗ ಇನ್ಯಾರೋ ಆ ಹಳೆಯ ಡೈರೆಕ್ಟರಿಯನ್ನೂ ಗುಡಿಸಿ ಹಾಕ್ತಾರೆ. ನಮ್ಮ ಎಫ್‌ಟಿಪಿ ಸರ್ವರಿನಲ್ಲಿ ಹಿಸ್ಟರಿ ಫೈಲಿನಿಂದ ನಾವು ಅಗೆದು ತೆಗೆದದ್ದು ಇದನ್ನೇ. ಅಷ್ಟಕ್ಕೂ ಆ ಸ್ಕ್ರಿಪ್ಟುಗಳಲ್ಲಿ ಬಹುಪಾಲು ಮಾಮೂಲಿ ಶೆಲ್ ಸ್ಕ್ರಿಪ್ಟುಗಳು. ತೆರೆದು ಓದಿದರೆ ಯಾವ ಸಾಲು ಫೇಲ್ ಆಗ್ತಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಡಾಕರ್ ಇಮೇಜ್ ಸಣ್ಣದು ಮಾಡುವ ಉತ್ಸಾಹದಲ್ಲಿ ಅಳಿಸುವವರು ಇನ್ನೊಂದು ಪಂಗಡ. ಆಪ್ಟ್ ಡೈರೆಕ್ಟರಿಯೊಳಗಿನ ಲಿಸ್ಟ್ಸ್ ಅನ್ನೋದನ್ನ ಅಳಿಸಬಹುದು, ಅಳಿಸಲೂಬೇಕು. ಅದು ಇಂಟರ್ನೆಟ್ಟಿನಿಂದ ಮತ್ತೆ ಬರುವ ಸೂಚಿ. ಹೆಸರು ಒಂದೇ ಥರ ಇದೆ ಅಂತ ಡಿಪಿಕೆಜಿಯ ಲಿಸ್ಟುಗಳನ್ನೂ ಅಳಿಸಿದರೆ ಅವು ಎಲ್ಲಿಂದಲೂ ತಾವಾಗಿ ಬರೋದಿಲ್ಲ.

ಈಗ ನನ್ನ ಸಿಟ್ಟು ನೆತ್ತಿಗೇರುವ ಭಾಗ. ನಿರ್ಲಕ್ಷಿಸುವವರನ್ನ ಹೇಗೋ ಕ್ಷಮಿಸಬಹುದು, ಬಾಯಿ ಮುಚ್ಚಿಸುವವರನ್ನ ಆಗೋದಿಲ್ಲ. ವಾರ್ನಿಂಗ್ ಬರ್ತಿದೆಯಾ, ಆ ಹೆಸರಿನ ಒಂದು ಖಾಲಿ ಲಿಸ್ಟ್ ಫೈಲು ಸೃಷ್ಟಿಸಿ, ಮುಗೀತು ಅಂತ ಉಪದೇಶ ಕೊಡ್ತಾರೆ. ನೂರು ಪ್ಯಾಕೇಜಿದ್ದರೆ ಒಂದು ಲೂಪ್ ಬರೆದು ನೂರು ಖಾಲಿ ಫೈಲು. ಡಿಪಿಕೆಜಿ ಒಪ್ಪಿಕೊಳ್ಳುತ್ತದೆ. ಸದ್ದು ನಿಲ್ಲುತ್ತದೆ. ಏನಾಯ್ತು ನೋಡಿ: ಮೊದಲು ಮಷೀನು "ದಾಖಲೆ ಸಿಗ್ತಿಲ್ಲ, ಊಹೆ ಮಾಡ್ತಿದ್ದೀನಿ" ಅಂತಿತ್ತು. ಈಗ ನೀವು ಒಂದು ಸುಳ್ಳು ದಾಖಲೆ ಬರೆದುಕೊಟ್ಟಿರಿ. ಊಹೆ ಹೋಗಿ ಸಾಕ್ಷಿ ಆಯ್ತು. ಮೇಲೆ ಹೇಳಿದ ಅನಾಹುತಗಳೆಲ್ಲ ಹಾಗೇ ಆಗುತ್ತವೆ, ಹೇಳುವವರು ಮಾತ್ರ ಯಾರೂ ಇಲ್ಲ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪದೇಪದೇ ಟ್ರಿಪ್ ಆಗುತ್ತೆ ಅಂತ ರಿಲೇಗೆ ಬೆಂಕಿಕಡ್ಡಿ ಸಿಕ್ಕಿಸುವವರನ್ನ ನಮ್ಮೂರ ಕಡೆ ನೋಡಿದ್ದೀನಿ. ಟ್ರಿಪ್ ನಿಲ್ಲುತ್ತದೆ, ನಿಜ. ವಾರದಲ್ಲಿ ಮೋಟರ್ ಸುಟ್ಟು ವೈಂಡಿಂಗಿಗೆ ಹೋಗುತ್ತದೆ. ಅವರಿಗಾದರೂ ಬೆಳೆ ಒಣಗುತ್ತಿರುವ ಕಾರಣ ಇತ್ತು. ಏಸಿ ರೂಮಿನಲ್ಲಿ ಕೂತವರಿಗೆ ಏನು ಬಂದಿರೋದು?

ಇದರ ಅಣ್ಣನಂಥ ಇನ್ನೊಂದು ಮದ್ದಿದೆ. ಲಿಸ್ಟ್ ಫೈಲು ಪೂರ್ತಿ ಇಲ್ಲದಿದ್ದರೆ ಡಿಪಿಕೆಜಿ ಬರೀ ವಾರ್ನಿಂಗ್ ಕೊಡುತ್ತದೆ. ಫೈಲಿದ್ದು ಅರ್ಧಕ್ಕೆ ಹರಿದುಹೋಗಿದ್ದರೆ, ಅಂದರೆ ಕೊನೆಯ ಸಾಲು ಪೂರ್ತಿಯಾಗಿ ಮುಗಿಯದಿದ್ದರೆ, ಫೇಟಲ್ ಎರರ್ ಅಂತ ಹೇಳಿ ಕೆಲಸವನ್ನೇ ನಿಲ್ಲಿಸುತ್ತದೆ. ಹರಿದ ಪತ್ರ ನಂಬಿ ಕೆಲಸ ಮಾಡಲಾರೆ ಅನ್ನೋದು ಅದರ ನಿಲುವು, ನನಗೆ ಗೌರವ ಇದೆ. ಜನ ಏನು ಮಾಡ್ತಾರೆ? ಹರಿದ ಫೈಲನ್ನ ಅಳಿಸಿಬಿಡ್ತಾರೆ. ಕೆಂಪು ಹಳದಿಯಾಯಿತು! ಹಳದಿ ಅಂದರೆ ಬರೀ ವಾರ್ನಿಂಗ್!

ಒಂದು ಮಾತು ಒಪ್ಪಿಕೊಳ್ಳಬೇಕು. ಕಾಣೆಯಾದ ಫೈಲಿನ ವಾರ್ನಿಂಗುಗಳೆಲ್ಲ ಒಂದೇ ತೂಕದವಲ್ಲ, ಮಂತ್ರವಾದಿಗಳು ಹುಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಕರ್ನೆಲ್ ಅಪ್‌ಡೇಟ್ ಆಗುವಾಗ ಬರುವ ಫರ್ಮ್‌ವೇರ್ ಕಾಣೆಯಿರಬಹುದು ಅನ್ನುವ ಸಾಲುಗಳನ್ನೇ ನೋಡಿ. ಡ್ರೈವರ್ ತಾನು ಬೆಂಬಲಿಸುವ ಎಲ್ಲಾ ಚಿಪ್ಪುಗಳ ಫರ್ಮ್‌ವೇರ್ ಹೆಸರುಗಳನ್ನೂ ಪಟ್ಟಿ ಮಾಡಿಟ್ಟಿರುತ್ತದೆ. ನಿಮ್ಮಲ್ಲಿ ಇಲ್ಲದ ಹೊಸ ಗ್ರಾಫಿಕ್ಸ್ ಚಿಪ್ಪಿನ ಫರ್ಮ್‌ವೇರೂ ಅದರಲ್ಲಿ ಸೇರಿರುತ್ತದೆ. ಬೂಟ್ ಇಮೇಜ್ ಕಟ್ಟುವ ಪ್ರೋಗ್ರಾಮಿಗೆ ಅದು ಡಿಸ್ಕಿನಲ್ಲಿ ಸಿಗದಿದ್ದರೆ ಹೇಳುತ್ತದೆ, ಅದೂ ಅನುಮಾನದ ಧಾಟಿಯಲ್ಲಿ. ನಿಮ್ಮ ಹತ್ತಿರ ಆ ಚಿಪ್ಪಿಲ್ಲದಿದ್ದರೆ ಆರಾಮಾಗಿರಿ. ಇದ್ದರೆ ಫರ್ಮ್‌ವೇರ್ ಪ್ಯಾಕೇಜು ಹಾಕಿ. ಡೆಬಿಯನ್‌ನವರು ಮುಕ್ತವಲ್ಲದ ಫರ್ಮ್‌ವೇರನ್ನ ಬಹುಕಾಲ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗೇ ಇಟ್ಟಿದ್ದರು. 2022ರಲ್ಲಿ ಮತ ಹಾಕಿ, 2023ರ 12ನೇ ಆವೃತ್ತಿಯಿಂದ ಸೇರಿಸಿದರು. ಅಂದರೆ ಅಷ್ಟು ವರ್ಷ ನೀವು ನೋಡಿದ ಆ ಸಾಲುಗಳ ಹಿಂದೆ ಒಂದು ತತ್ವದ ಜಗಳವಿತ್ತು. ಸ್ಲಿಮ್ ಕಂಟೇನರುಗಳಲ್ಲಿ ಮ್ಯಾನುಯಲ್ ಪುಟ ಸಿಗಲಿಲ್ಲ, ಲಿಂಕ್ ಮಾಡ್ತಿಲ್ಲ ಅಂತ ಬರೋದೂ ಹೀಗೆಯೇ, ಬೇಕಂತಲೇ ಬಿಟ್ಟಿರುವ ಫೈಲುಗಳವು.

ಫೆಡೋರಾ, ರೆಡ್ ಹ್ಯಾಟ್ ಕಡೆ ಆರ್‌ಪಿಎಮ್ ಅಪ್‌ಡೇಟ್ ಮಾಡುವಾಗ ಕಾಣುವುದು ಇದರ ತಲೆಕೆಳಗು. ಅಲ್ಲಿ ದಾಖಲೆ ಇರುತ್ತದೆ, ಫೈಲು ಇರೋದಿಲ್ಲ. ಅಳಿಸೋಕೆ ಹೋದೆ, ಅಂಥ ಫೈಲೇ ಇಲ್ಲ ಅನ್ನುತ್ತದೆ. ಹೇಗೂ ಅಳಿಸಬೇಕಿದ್ದ ಫೈಲು, ತೊಂದರೆ ಕಮ್ಮಿ. ಆದರೂ ಅದನ್ನ ಮುಂಚೆಯೇ ಕೈಯಾರೆ ಅಳಿಸಿದ್ದು ಯಾರು ಅಂತ ಒಂದು ಸಲ ಕೇಳೋದರಲ್ಲಿ ತಪ್ಪಿಲ್ಲ.

ಹಾಗಾಗಿ ನನ್ನ ವಾದ ಎಲ್ಲಾ ಹಳದಿಗೂ ಹೆದರಿ ಅಂತ ಅಲ್ಲ. ವಾಕ್ಯವನ್ನ ಕೊನೆಯ ತನಕ ಓದಿ, ಅದರಲ್ಲಿ ಮಷೀನು ಏನನ್ನಾದರೂ ಊಹಿಸಿಕೊಳ್ತಿದೆಯಾ ನೋಡಿ ಅಂತ. ಸೂಚಿ ಡೌನ್‌ಲೋಡ್ ಆಗಲಿಲ್ಲ, ಹಳೆಯದನ್ನೇ ಬಳಸಲಾಗಿದೆ ಅಂತ ಆಪ್ಟ್ ಹೇಳುವುದೂ ಇದೇ ಜಾತಿಯದು. ಹಾಗೆ ಹೇಳಿ ಅದು ಯಶಸ್ವಿಯಾದೆ ಅನ್ನುವ ಸಂಕೇತದೊಂದಿಗೇ ಹೊರಬರಬಲ್ಲದು. ನಿಮ್ಮ ಪೈಪ್‌ಲೈನ್ ಹಸಿರಾಗಿರುತ್ತದೆ, ಸೆಕ್ಯುರಿಟಿ ಅಪ್‌ಡೇಟ್ ಓಡಿಸಿದ್ದೀವಿ ಅಂತ ಮೇಲಿನವರಿಗೆ ಮೇಲ್ ಹೋಗಿರುತ್ತದೆ, ಮಷೀನು ಮಾತ್ರ ಹೋದ ವಾರದ ಸೂಚಿ ನೋಡಿಕೊಂಡು ಹೊಸದೇನೂ ಇಲ್ಲ ಅಂತ ಕೂತಿರುತ್ತದೆ. ಈಚಿನ ಆಪ್ಟ್ ಆವೃತ್ತಿಗಳಲ್ಲಿ ಇಂಥದ್ದನ್ನ ಎರರ್ ಎಂದೇ ಪರಿಗಣಿಸು ಅನ್ನುವ ಆಯ್ಕೆ ಇದೆ. ಪೈಪ್‌ಲೈನಿನಲ್ಲಿ ಅದನ್ನ ಹಾಕದಿರಲು ನನಗಂತೂ ಯಾವ ಕಾರಣವೂ ಕಾಣಲ್ಲ.

"ಇದೆಲ್ಲ ಹಳೇ ಕಾಲದ ತಲೆನೋವು ಗುರು, ಈಗ ಸರ್ವರ್ ಕೆಟ್ಟರೆ ಎಸೆದು ಹೊಸದು ಎಬ್ಬಿಸ್ತೀವಿ" ಅನ್ನುವ ಕ್ಲೌಡ್ ಮಿತ್ರರಿದ್ದಾರೆ. ಅವರ ಮಾತಲ್ಲಿ ಹುರುಳಿದೆ. ಇನ್ಫೋ ಪೂರ್ತಿ ಹೋದ ಮಷೀನು ಸಿಕ್ಕರೆ, ಡೇಟಾ ಎತ್ತಿಕೊಂಡು ಹೊಸದಾಗಿ ಕಟ್ಟೋದೇ ಎಷ್ಟೋ ಸಲ ಸರಿಯಾದ ದಾರಿ. ಆದರೆ ಹೊಸದನ್ನ ಎಬ್ಬಿಸೋದು ಯಾವುದರಿಂದ? ಗೋಲ್ಡನ್ ಇಮೇಜಿನಿಂದ. ಆ ಇಮೇಜ್ ಕಟ್ಟುವ ಲಾಗ್ ಯಾವತ್ತಾದರೂ ಓದಿದ್ದೀರಾ? ಹಳದಿ ಅದರೊಳಗೇ ಇದ್ದರೆ ನೀವು ಎಸೆದಷ್ಟು ಸಲ, ಎಬ್ಬಿಸಿದಷ್ಟು ಸಲ ಅದೇ ರೋಗದ ಕರು ಹುಟ್ಟುತ್ತದೆ. ಹಿಂದೆ ಒಂದು ಮಷೀನಿಗಿದ್ದದ್ದು ಈಗ ನಾನೂರಕ್ಕೆ. ಜೊತೆಗೆ ಎಲ್ಲರೂ ಸ್ಟಾರ್ಟಪ್ ಅಲ್ಲ. ಯಾವುದೋ ಫ್ಯಾಕ್ಟರಿಯ ಮೂಲೆಯಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ, ಜಿಲ್ಲಾ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದೇ ಒಂದು ಲಿನಕ್ಸ್ ಮಷೀನು ವರ್ಷಗಟ್ಟಲೆ ಓಡ್ತಿರುತ್ತದೆ. ಕರೆಂಟು ಹೋಗೋದೂ ಅಲ್ಲೇ ಹೆಚ್ಚು. ಅದನ್ನ ನೋಡಿಕೊಳ್ಳುವ ಹುಡುಗ ಬೆಂಗಳೂರಿನ ಸೀನಿಯರಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಏನು ಅಂತ ನಿಮಗೆ ಗೊತ್ತು.

ಆ ಹುಡುಗನಿಗೆ ನಾನು ಹೇಳೋದು ಇಷ್ಟು. ಮೊದಲು ಡಿಸ್ಕ್ ತುಂಬಿದೆಯಾ, ಕರ್ನೆಲ್ ಲಾಗಿನಲ್ಲಿ ಡಿಸ್ಕ್ ದೂರುಗಳಿವೆಯಾ ನೋಡು. ಸಾಯ್ತಿರುವ ಡಿಸ್ಕಿನ ಮೇಲೆ ಏನೂ ಬರೆಯಬೇಡ, ಮೊದಲು ಡೇಟಾ ಹೊರಗೆ ತೆಗಿ. ಡಿಸ್ಕ್ ಸರಿಯಿದ್ದರೆ ಡಿಪಿಕೆಜಿಯ ಆಡಿಟ್ ಆಯ್ಕೆ ಓಡಿಸು. ಲಿಸ್ಟ್ ಕಾಣೆಯಾದ ಪ್ಯಾಕೇಜುಗಳ ಹೆಸರು ಹೇಳಿ, ಇವನ್ನ ಮತ್ತೆ ಇನ್‌ಸ್ಟಾಲ್ ಮಾಡಬೇಕು ಅಂತ ಅದೇ ಬಾಯಿಬಿಟ್ಟು ಹೇಳುತ್ತದೆ. ಅಂದರೆ ಔಷಧಿ ಚೀಟಿಯನ್ನ ಮಷೀನೇ ಬರೆದುಕೊಡ್ತಿದೆ, ಮಂತ್ರವಾದಿಯ ಹತ್ತಿರ ಹೋಗಬೇಕಾಗಿಲ್ಲ. ಆ ಪ್ಯಾಕೇಜುಗಳನ್ನ ಆಪ್ಟ್ ಗೆಟ್‌ನ ರೀಇನ್‌ಸ್ಟಾಲ್ ಆಯ್ಕೆಯಲ್ಲಿ ಮತ್ತೆ ಹಾಕು, ಈಗಿರುವ ಆವೃತ್ತಿಯನ್ನೇ. ಈ ಕ್ರಮ ಮುಖ್ಯ. ಅದೇ ಆವೃತ್ತಿ ಹಾಕಿದರೆ ಡಿಸ್ಕಿನ ಮೇಲೆ ಇರುವುದಕ್ಕೂ ಹೊಸ ಪಟ್ಟಿಗೂ ತಾಳೆಯಾಗುತ್ತದೆ. ಆಮೇಲೆ ಅಪ್‌ಡೇಟ್ ಮಾಡು, ಆಗ ಹಳೆಯದೆಲ್ಲ ಲೆಕ್ಕದ ಪ್ರಕಾರ ಹೊರಗೆ ಹೋಗುತ್ತದೆ. ನೇರ ಅಪ್‌ಡೇಟ್ ಮಾಡಿದರೆ ಅನಾಥ ಫೈಲುಗಳು ಉಳಿಯುತ್ತವೆ.

ನೂರಾರು ಇದ್ದರೆ ಒಂದೇ ಸಲ ಎಲ್ಲವನ್ನೂ ಹಾಕಲು ಹೋಗಬೇಡ. ಸಿಮ್ಯುಲೇಟ್ ಆಯ್ಕೆಯಲ್ಲಿ ಒಮ್ಮೆ ನೋಡಿಕೊಂಡು, ಕಂತುಗಳಲ್ಲಿ ಮಾಡು. ರೀಇನ್‌ಸ್ಟಾಲ್ ಅಂದರೆ ಸ್ಕ್ರಿಪ್ಟುಗಳೂ ಮತ್ತೆ ಓಡುತ್ತವೆ, ಡೇಟಾಬೇಸ್ ರೀಸ್ಟಾರ್ಟ್ ಆಗಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಮಾಡುವ ಕೆಲಸವಲ್ಲ. ಇಟಿಸಿಯಲ್ಲಿ ನೀನು ತಿದ್ದಿದ ಕಾನ್ಫಿಗರೇಶನ್ ಬಗ್ಗೆ ಡಿಪಿಕೆಜಿ ಬಹಳ ಸಂಕೋಚದ ಪ್ರಾಣಿ, ಕೇಳದೆ ಮುಟ್ಟೋದಿಲ್ಲ. ಎಷ್ಟರಮಟ್ಟಿಗೆ ಅಂದರೆ, ಅಲ್ಲಿನ ಒಂದು ಕಾನ್ಫಿಗರೇಶನ್ ಫೈಲನ್ನ ನೀನೇ ಅಳಿಸಿದ್ದರೆ ಯಜಮಾನರು ಬೇಕಂತಲೇ ಅಳಿಸಿದ್ದಾರೆ ಅಂದ್ಕೊಂಡು ವಾಪಸ್ ತರೋದೂ ಇಲ್ಲ, ತರಿಸಲು ಬೇರೆ ಆಯ್ಕೆ ಕೊಡಬೇಕು. ಕೆಲವು ಪ್ಯಾಕೇಜುಗಳ ಈಗಿನ ಆವೃತ್ತಿ ಸರ್ವರಿನಿಂದ ಮಾಯವಾಗಿರುತ್ತದೆ, ಡೌನ್‌ಲೋಡ್ ಆಗಲ್ಲ ಅನ್ನುತ್ತದೆ. ಆಪ್ಟಿನ ಕ್ಯಾಶೆಯಲ್ಲಿ ಹಳೆಯ ಡೆಬ್ ಫೈಲ್ ಉಳಿದಿದೆಯಾ ಹುಡುಕು. ಎಲ್ಲ ಆದ ಮೇಲೆ ವೆರಿಫೈ ಆಯ್ಕೆ ಓಡಿಸಿ ಚೆಕ್‌ಸಮ್ ತಾಳೆ ನೋಡು.

ಖಾಲಿ ಫೈಲಿನ ಜಾಣರು ನಿನಗಿಂತ ಮುಂಚೆ ಆ ಮಷೀನಿಗೆ ಬಂದು ಹೋಗಿದ್ದರೆ ಆಡಿಟ್‌ಗೆ ಅದು ಕಾಣೋದಿಲ್ಲ, ಫೈಲು ಇದೆಯಲ್ಲ. ಅದಕ್ಕೆ ಇನ್ಫೋ ಡೈರೆಕ್ಟರಿಯಲ್ಲಿ ಸೊನ್ನೆ ಬೈಟಿನ ಲಿಸ್ಟ್ ಫೈಲುಗಳನ್ನ ಬೇರೆಯಾಗಿ ಹುಡುಕು. ಇನ್‌ಸ್ಟಾಲ್ ಆಗಿರುವ ಪ್ಯಾಕೇಜಿನ ನಿಜವಾದ ಲಿಸ್ಟ್ ಫೈಲು ಖಾಲಿ ಇರೋದಿಲ್ಲ. ಎಷ್ಟೇ ಸಣ್ಣ ಪ್ಯಾಕೇಜಿನದಾದರೂ ಮೊದಲ ಸಾಲಿನಲ್ಲಿ ಒಂದು ಗೆರೆ, ಒಂದು ಚುಕ್ಕೆ ಇದ್ದೇ ಇರುತ್ತದೆ. ಅದೂ ಇಲ್ಲದ ಫೈಲು ಸಿಕ್ಕರೆ ಅದರ ತಾರೀಕು ಬರೆದಿಟ್ಟುಕೋ. ಹತ್ತಾರು ಫೈಲುಗಳಿಗೆ ಒಂದೇ ನಿಮಿಷದ ತಾರೀಕಿದ್ದರೆ ಲೂಪ್ ಓಡಿದ ಗಳಿಗೆ ಅದು. ಆವತ್ತು ಆ ಮಷೀನಿಗೆ ಲಾಗಿನ್ ಆಗಿದ್ದವರು ಯಾರು ಅಂತ ನೋಡಿ ಇಟ್ಟುಕೊಂಡು, ಟಿಕೆಟ್ಟಿನಲ್ಲಿ ಹಾಕು.